ಸಹಾಯ ಬೇಕು: ‘ಸ್ಕೊಚ್‌ದೊಪೊಲೆ’ ಎಂಬ ಜೆಕ್ ಅಡ್ಡಹೆಸರಿನ ಮೂಲ ಮತ್ತು ಅಂಕಿಅಂಶ

ಎಲ್ಲರಿಗೂ ನಮಸ್ಕಾರ. ಯುರೋಪಿನ ಮನೆತನದ ಹೆಸರುಗಳ ಕುರಿತು ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದು, ‘ಸ್ಕೊಚ್‌ದೊಪೊಲೆ’ ಎಂಬ ವಿರಳ ಜೆಕ್ ಅಡ್ಡಹೆಸರಿನ ವಿಚಾರದಲ್ಲಿ ಬಲ್ಲವರ ನೆರವು ಬೇಕಾಗಿದೆ. ‘ಹೊಲಕ್ಕೆ ಜಿಗಿ’ ಎಂಬ ಇಡೀ ವಾಕ್ಯವೇ ಇಲ್ಲಿ ಹೆಸರಾಗಿದೆ. ‘ಬ್ರೆಡ್ ತಿನ್ನಬೇಡ’ ಎಂಬರ್ಥದ ‘ನೆಯೆಸ್‌ಖ್ಲೆಬ’ ಕೂಡ ಇದೇ ಬಗೆಯದು. ಊರವರು ಛೇಡಿಸಲು ಇಟ್ಟಂತೆ ಕೇಳಿಸುವ ಇಂಥ ಹೆಸರುಗಳೂ, ಆಗ ಜೆಕ್ ನಾಡನ್ನೂ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ಚಕ್ರವರ್ತಿ ಎರಡನೆಯ ಜೋಸೆಫ್ 1780ರ ದಶಕದಲ್ಲಿ ಅಡ್ಡಹೆಸರನ್ನು ಕಡ್ಡಾಯವಾಗಿ ವಂಶಪಾರಂಪರ್ಯಗೊಳಿಸಿದ ಮೇಲೆ, ಮಕ್ಕಳು ಮೊಮ್ಮಕ್ಕಳವರೆಗೂ ಅಂಟಿಕೊಂಡವು.

ಮೊದಲನೆಯದಾಗಿ, ಈ ಹೆಸರಿನವರ ಈಗಿನ ಸಂಖ್ಯೆ ಮತ್ತು ಅವರು ಹೆಚ್ಚಾಗಿರುವ ಜಿಲ್ಲೆಗಳು ತಿಳಿಯಬೇಕು. ಜೆಕ್ ಗೃಹ ಸಚಿವಾಲಯದ ಪಟ್ಟಿಗಳಲ್ಲಿ ಗಂಡಸರ ರೂಪವೂ ‘ಸ್ಕೊಚ್‌ದೊಪೊಲೊವಾ’ ಎಂಬ ಹೆಂಗಸರ ರೂಪವೂ ಬೇರೆ ಬೇರೆ ಸಾಲಿನಲ್ಲಿ ಬರುವುದರಿಂದ ದಯವಿಟ್ಟು ಎರಡನ್ನೂ ಕೂಡಿಸಿ ತಿಳಿಸಿ. 2022ರಿಂದ ಮಹಿಳೆಯರು ಕಾರಣ ಕೊಡದೆಯೇ ‘ಒವಾ’ ಇಲ್ಲದ ರೂಪವನ್ನು ಆರಿಸಿಕೊಳ್ಳಬಹುದಾದ್ದರಿಂದ, ಮೊದಲ ಸಾಲಿನಲ್ಲಿರುವವರೆಲ್ಲ ಗಂಡಸರೇ ಎಂದು ಎಣಿಸುವಂತಿಲ್ಲ.

ಎರಡನೆಯದು ಮೂಲದ ಪ್ರಶ್ನೆ. 1650ರ ದಶಕದ ಬೊಹೆಮಿಯಾದ (ಈಗಿನ ಜೆಕ್ ದೇಶದ ಪಶ್ಚಿಮ ಭಾಗ) ತೆರಿಗೆ ದಾಖಲೆಯಾದ ‘ಬೆರ್ನೀ ರುಲಾ’ದಲ್ಲಿ ಈ ಹೆಸರು ಸಿಗುತ್ತದೆಯೇ? ಚರ್ಚುಗಳ ಜನನ–ಮರಣ ಪುಸ್ತಕಗಳ ಸ್ಕ್ಯಾನ್‌ಗಳು ಟ್ರೆಬೊನ್ ಮುಂತಾದ ಪ್ರಾದೇಶಿಕ ಪತ್ರಾಗಾರಗಳಿಂದ ಉಚಿತವಾಗಿಯೇ ದೊರೆಯುತ್ತವೆ, ತೊಡಕಿರುವುದು ಲಿಪಿಯಲ್ಲಿ. ಹಳೆಯ ಜರ್ಮನ್ ಕೈಬರಹವಾದ ‘ಕುರೆಂಟ್’ನಲ್ಲಿ ‘ಎನ್’, ‘ಯು’, ‘ಇ’ ಮೂರೂ ಹೆಚ್ಚುಕಡಿಮೆ ಒಂದೇ ಗೀಟಿನಂತೆ ಕಾಣುತ್ತವೆ, ಸಾಲದ್ದಕ್ಕೆ ಜರ್ಮನ್ ಬಲ್ಲ ಬರಹಗಾರರು ಜೆಕ್ ಹೆಸರುಗಳನ್ನು ತಮಗೆ ಕೇಳಿಸಿದಂತೆ ಬರೆದಿದ್ದಾರೆ.

ಪ್ರಾಗ್, ಬರ್ನೊ ಕಡೆ ಇರುವ ಕನ್ನಡಿಗರು ಅಥವಾ ಕುರೆಂಟ್ ಓದಬಲ್ಲವರು ಇಲ್ಲಿಯೇ ಉತ್ತರಿಸಿದರೆ ಪುಟಗಳ ಚಿತ್ರಗಳನ್ನು ಕಳುಹಿಸುತ್ತೇನೆ. ದುಡ್ಡು ಪಡೆದು ವಂಶಲಾಂಛನ ಮಾರುವ ಜಾಲತಾಣಗಳ ಕೊಂಡಿಗಳು ಮಾತ್ರ ಬೇಡ.