ಹೊಲಿಗೆ ಲೈನ್‌ನಲ್ಲಿ ಯೂನಿಯನ್ ಮಾಡಬೇಕು, ಎಲ್ಲಿಂದ ಶುರು ಮಾಡೋದು?

ಪ್ರಶ್ನೆ (ಗಾರ್ಮೆಂಟ್ಸ್ ಟೇಲರ್, ಬೆಂಗಳೂರು):
ಮೇಡಂ, ನಮಸ್ಕಾರ. ನಮ್ಮ ಫ್ಯಾಕ್ಟರಿಯಲ್ಲಿ ಸುಮಾರು 800 ಜನ ಇದ್ದೇವೆ, ಜಾಸ್ತಿ ಹೆಂಗಸರೇ. ಒಂದು ಲೈನ್‌ಗೆ ಒಂದೇ ಟಾಯ್ಲೆಟ್ ಟೋಕನ್, ಅದು ಸೂಪರ್‌ವೈಸರ್ ಟೇಬಲ್ ಮೇಲೆ ಇರುತ್ತದೆ. ಒಬ್ಬರು ತಗೊಂಡು ಹೋದರೆ ಅವರು ವಾಪಸ್ ಬರುವವರೆಗೂ ಉಳಿದವರು ತಡೆದುಕೊಂಡು ಕೂರಬೇಕು. ಟಾರ್ಗೆಟ್ ಮುಗಿಯದಿದ್ದರೆ ಸಂಜೆ ನಿಲ್ಲಿಸಿಕೊಳ್ಳುತ್ತಾರೆ. ಓಟಿ (ಹೆಚ್ಚುವರಿ ಕೆಲಸದ) ದುಡ್ಡು ಕೊಡುವುದಿಲ್ಲ, ‘ಕಾಂಪ್ ಆಫ್’, ಅಂದರೆ ದುಡ್ಡಿನ ಬದಲು ರಜೆ ತಗೊಳ್ಳಿ ಅಂತಾರೆ. ನಾವು ಒಂಬತ್ತು ಜನ ಯೂನಿಯನ್ ಮಾಡೋಣ ಅಂತ ಮಾತಾಡಿಕೊಂಡಿದ್ದೇವೆ. ಕೆಲಸದಿಂದ ತೆಗೆದುಬಿಟ್ಟರೆ ಏನು ಗತಿ? ಮನೆಯಲ್ಲೂ ಬೇಡ ಅಂತಿದ್ದಾರೆ.

ಉತ್ತರ (ಕಾರ್ಮಿಕ ವಕೀಲೆ):
ಒಂಬತ್ತು ಜನ ಒಟ್ಟಿಗೆ ಕೂತು ಮಾತಾಡಿದ್ದೀರಲ್ಲ, ಅರ್ಧ ಕಷ್ಟದ ಕೆಲಸ ಅದೇ. ಸಂಘ ಕಟ್ಟುವುದು ಸಂವಿಧಾನ ಕೊಟ್ಟ ಹಕ್ಕು, 19(1)(ಸಿ) ವಿಧಿಯಲ್ಲಿದೆ. ಯಾರ ಅಪ್ಪಣೆಯೂ ಬೇಕಿಲ್ಲ.

ನೋಂದಣಿಯ ಲೆಕ್ಕ ಸ್ವಲ್ಪ ಬೇರೆ. 2025ರ ನವೆಂಬರ್ 21ರಿಂದ 1926ರ ಕಾರ್ಮಿಕ ಸಂಘಗಳ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಆದರೆ ಈ ನಿಯಮ ಮೊದಲಿನಂತೆಯೇ ಇದೆ: ಅರ್ಜಿಗೆ ಏಳು ಜನ ಸಹಿ ಹಾಕಿದರೆ ಸಾಕು, ಆದರೆ ಆ ದಿನಕ್ಕೆ ಕಾರ್ಮಿಕರಲ್ಲಿ ನೂರಕ್ಕೆ ಹತ್ತು ಜನ, ಇಲ್ಲವೇ 100 ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸದಸ್ಯರಾಗಿರಬೇಕು. ನಿಮ್ಮ ಫ್ಯಾಕ್ಟರಿಗೆ ಅದು 80. ಹಾಗಾಗಿ ಈಗಲೇ ನೋಂದಣಿ ಕಚೇರಿಗೆ ಓಡಬೇಡಿ. ಈಗಾಗಲೇ ನೋಂದಣಿಯಾಗಿರುವ ಗಾರ್ಮೆಂಟ್ಸ್ ಸಂಘಕ್ಕೆ ಸದಸ್ಯರಾಗುವ ದಾರಿಯೂ ಇದೆ. ಒಂಬತ್ತೇ ಜನ ಇರುವಾಗ ನನಗೆ ಅದೇ ಒಳ್ಳೆಯದು ಅನಿಸುತ್ತದೆ.

ಮೊದಲು ಹಿಡಿಯಬೇಕಾದ್ದು ಆ ಟೋಕನ್. ಸಂಬಳ ಜಾಸ್ತಿ ಮಾಡಿ ಅಂತ ಶುರು ಮಾಡಿದರೆ ಹೆದರುವವರೇ ಜಾಸ್ತಿ. ಟೋಕನ್ ವಿಷಯ ಹಾಗಲ್ಲ. ಹೆಲ್ಪರ್‌ನಿಂದ ಹಿಡಿದು ಚೆಕಿಂಗ್‌ನವರವರೆಗೂ ಎಲ್ಲರ ಸಂಕಟ ಅದು. ಕಂಪನಿಗೆ ಅದಕ್ಕೆ ಹೆಚ್ಚು ಖರ್ಚೂ ಇಲ್ಲ, ಗೆಲ್ಲಬಹುದು. ಒಂದು ಸಲ ಗೆದ್ದರೆ ‘ಕೇಳಿದರೆ ಆಗುತ್ತೆ’ ಅನ್ನುವ ಧೈರ್ಯ ಲೈನ್‌ನಿಂದ ಲೈನ್‌ಗೆ ತಾನಾಗಿ ಹೋಗುತ್ತದೆ.

ಪತ್ರ ಒಂದೇ ಪುಟ ಇರಲಿ. ತಾರೀಖು, ಲೈನ್ ನಂಬರ್, ತೊಂದರೆ ಏನು, ಏನು ಬೇಕು, ಅಷ್ಟೇ. ಬೈಗುಳ ಬೇಡ, ಬೇಡಿಕೊಳ್ಳುವುದೂ ಬೇಡ. ಸಹಿಗಳನ್ನು ಸಾಲಾಗಿ ಹಾಕಬೇಡಿ. ಹಾಳೆಯ ನಡುವೆ ಒಂದು ವೃತ್ತ ಬರೆದು ಅದರ ಸುತ್ತ ಹಾಕಿ. ಆಗ ಮೊದಲು ಸಹಿ ಹಾಕಿದವರು ಯಾರು, ಮುಂದಾಳು ಯಾರು ಅಂತ ಗೊತ್ತಾಗುವುದಿಲ್ಲ. ಎರಡು ಪ್ರತಿ ಮಾಡಿ, ಒಂದರ ಮೇಲೆ ‘ಸ್ವೀಕರಿಸಿದೆ’ ಅಂತ ಸೀಲು, ತಾರೀಖು ಹಾಕಿಸಿಕೊಳ್ಳಿ. ಕೊಡದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಲೇಬೇಕು. ಅದರಲ್ಲಿ ಮಾಲೀಕರ ಕಡೆಯವರು, ಕಾರ್ಮಿಕರ ಕಡೆಯವರು ಸಮ ಸಮ ಇರಬೇಕು, ಹೆಂಗಸರಿಗೂ ಅವರ ಸಂಖ್ಯೆಗೆ ತಕ್ಕ ಪಾಲು ಇರಬೇಕು. ನಿಮ್ಮಲ್ಲಿ ಅದು ಇದೆಯಾ, ಯಾರಿದ್ದಾರೆ ಅಂತ ಅದೇ ಪತ್ರದಲ್ಲಿ ಕೇಳಿ.

ಇನ್ನು ಓಟಿ. ಹೆಚ್ಚುವರಿ ಕೆಲಸಕ್ಕೆ ಮಾಮೂಲಿ ಕೂಲಿಯ ದುಪ್ಪಟ್ಟು ಕೊಡಬೇಕು. ಕಾಂಪ್ ಆಫ್ ಕೊಟ್ಟರೆ ಆ ಸಾಲ ತೀರುವುದಿಲ್ಲ. ಪ್ರತಿದಿನ ಎಷ್ಟು ಗಂಟೆಗೆ ಹೊರಗೆ ಬಂದಿರಿ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಪೇ ಸ್ಲಿಪ್ ಫೋಟೋ ತೆಗೆದಿಡಿ. ಈ ಜಗಳ ಎರಡನೆಯದು, ಆದರೆ ಲೆಕ್ಕ ಇವತ್ತಿನಿಂದಲೇ ಬೇಕು.

ಪ್ರಶ್ನೆ (ಅದೇ ಟೇಲರ್):
ಟೋಕನ್ ವಿಷಯ ಎಲ್ಲರಿಗೂ ಒಪ್ಪಿಗೆ ಆಗುತ್ತೆ ಮೇಡಂ. ಆದರೆ ತೆಗೆದುಹಾಕುವ ಭಯ ಹೋಗ್ತಿಲ್ಲ.

ಉತ್ತರ:
ಆ ಭಯ ಸುಮ್ನೆ ಬಂದದ್ದಲ್ಲ, ಹೀಗೆ ತೆಗೆದುಹಾಕಿದ ಕೇಸ್‌ಗಳು ನನ್ನ ಹತ್ತಿರ ಬರುತ್ತಲೇ ಇರುತ್ತವೆ. ಸಂಘ ಸೇರಿದ್ದಕ್ಕೆ ಕೆಲಸದಿಂದ ತೆಗೆಯುವುದು, ಹೆದರಿಸುವುದು, ಬೇಕಂತಲೇ ದೂರದ ಯುನಿಟ್‌ಗೆ ಹಾಕುವುದು ಎಲ್ಲವೂ ಕಾನೂನಿನಲ್ಲಿ ಅನುಚಿತ ಕಾರ್ಮಿಕ ಪದ್ಧತಿ. ಆದರೆ ಕಾರಣ ಯೂನಿಯನ್ ಅಂತ ಯಾವ ಕಂಪನಿಯೂ ಬರೆದುಕೊಡುವುದಿಲ್ಲ. ಕೆಲಸ ಸರಿ ಇಲ್ಲ, ಗೈರುಹಾಜರಿ ಅಂತ ಬರೆಯುತ್ತಾರೆ. ಆಗ ಉಪಯೋಗಕ್ಕೆ ಬರುವುದು ತಾರೀಖು. ಪತ್ರ ಕೊಟ್ಟದ್ದು ಇಂಥ ದಿನ, ನೋಟಿಸ್ ಬಂದದ್ದು ಅದಾದ ಮೇಲೆ. ರಾಜೀನಾಮೆ ಬರೆದುಕೊಡಿ ಅಂದರೆ ಯಾವ ಕಾರಣಕ್ಕೂ ಬರೆಯಬೇಡಿ. ಖಾಲಿ ಹಾಳೆಗೆ ಸಹಿ ಹಾಕಲೇಬೇಡಿ. ತೆಗೆದೇಬಿಟ್ಟರೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ಬೇಗ ದೂರು ಕೊಡಿ. ಎರಡು ವರ್ಷ ದಾಟಿದರೆ ಆ ಬಾಗಿಲು ಮುಚ್ಚುತ್ತದೆ.

ವಾಟ್ಸಾಪ್ ಗ್ರೂಪ್‌ನಲ್ಲಿ ಜಾಸ್ತಿ ಬರೆಯಬೇಡಿ. ಒಂದು ಸ್ಕ್ರೀನ್‌ಶಾಟ್ ಸಾಕು ಎಚ್‌ಆರ್ ಕೈಗೆ ಸಿಗೋಕೆ. ಊಟದ ಹೊತ್ತಿನಲ್ಲೋ ಬಸ್ ಸ್ಟಾಪ್‌ನಲ್ಲೋ ಮಾತಾಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು):
ಮೇಡಂ, 2016ರಲ್ಲಿ ಯೂನಿಯನ್ ಇಲ್ಲದೆಯೇ ಪಿಎಫ್ ವಿಷಯದಲ್ಲಿ ಗಾರ್ಮೆಂಟ್ಸ್‌ನವರು ಗೆದ್ದರಲ್ವಾ? ಮತ್ತೆ ಇಷ್ಟೆಲ್ಲ ಯಾಕೆ? ಯೂನಿಯನ್ ಅಂದ್ರೆ ಕೊನೆಗೆ ಪಾರ್ಟಿಯೇ.

ಉತ್ತರ:
ಗೆದ್ದರು, ನಿಜ. ಮಾಲೀಕರ ಪಾಲಿನ ಪಿಎಫ್ ದುಡ್ಡು 58 ವರ್ಷದವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. 2016ರ ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಸಾವಿರಾರು ಹೆಂಗಸರು ಇಳಿದರು. ಮಕ್ಕಳ ಫೀಸು, ಮದುವೆ, ಆಸ್ಪತ್ರೆ, ಎಲ್ಲಕ್ಕೂ ಅವರಿಗೆ ಇದ್ದದ್ದು ಅದೊಂದೇ ದುಡ್ಡು. 19ನೇ ತಾರೀಖೇ ಸರ್ಕಾರ ಆದೇಶ ಹಿಂದಕ್ಕೆ ಪಡೆಯಿತು. ಅದು ಇಡೀ ದೇಶದ ಕಾರ್ಮಿಕರಿಗೆ ಸಿಕ್ಕ ಗೆಲುವು. ನನಗೆ ಆ ಹೆಂಗಸರ ಬಗ್ಗೆ ತುಂಬಾ ಗೌರವ ಇದೆ. ಆದರೆ ಲಾಠಿ ಏಟು, ಪೊಲೀಸ್ ಕೇಸ್ ಬಿದ್ದಾಗ ಅವರ ಬೆನ್ನಿಗೆ ಯಾರಿದ್ದರು? ಮೂರನೇ ದಿನ ಮತ್ತೆ ಮಿಷನ್ ಮುಂದೆ ಕೂತಾಗ ಟಾರ್ಗೆಟ್ ಬಗ್ಗೆ ಕೇಳಲು ಯಾರಿದ್ದರು? ಸಂಘ ಬೇಕಿರುವುದು ಆ ಮೂರನೇ ದಿನಕ್ಕೆ.

ನೋಂದಾಯಿತ ಸಂಘಕ್ಕೆ ಇನ್ನೊಂದು ರಕ್ಷಣೆಯೂ ಇದೆ. 1920ರ ದಶಕದ ಶುರುವಿನಲ್ಲಿ ಮದ್ರಾಸಿನ ಬಕಿಂಗ್‌ಹ್ಯಾಮ್ ಮಿಲ್‌ನವರು ಕಾರ್ಮಿಕ ಮುಖಂಡ ಬಿ.ಪಿ. ವಾಡಿಯಾ ಮತ್ತು ಜೊತೆಯವರ ಮೇಲೆ ನಷ್ಟ ತುಂಬಿಕೊಡಿ ಅಂತ ಹೈಕೋರ್ಟಿಗೆ ಹೋಗಿದ್ದರು. ಹಾಗೆ ಕೇಸ್ ಹಾಕಿ ಸಂಘ ಮುರಿಯಬಾರದು ಅಂತಲೇ 1926ರ ಕಾಯ್ದೆ ರಕ್ಷಣೆ ಕೊಟ್ಟಿತು. ಹೊಸ ಸಂಹಿತೆಯಲ್ಲೂ ಅದು ಉಳಿದಿದೆ.

ಪಾರ್ಟಿ ವಿಷಯ: ರಾಜಕೀಯಕ್ಕೆ ದುಡ್ಡು ಬೇಕಾದರೆ ಸಂಘ ಬೇರೆಯೇ ನಿಧಿ ಮಾಡಬೇಕು, ಅದಕ್ಕೆ ಕೊಡಿ ಅಂತ ಯಾವ ಸದಸ್ಯರನ್ನೂ ಬಲವಂತ ಮಾಡುವಂತಿಲ್ಲ. ನಿಮ್ಮ ಓಟು ನಿಮ್ಮದು.

ಪ್ರಶ್ನೆ (ಮತ್ತೊಬ್ಬ ಸದಸ್ಯೆ):
ಅಕ್ಕ, ನಾನು ಕಂಟ್ರಾಕ್ಟ್ ಹೌಸ್‌ಕೀಪಿಂಗ್. ನಾನೂ ಸೇರಬಹುದಾ?

ಉತ್ತರ:
ಸೇರಬಹುದಮ್ಮ. ಸಂಘದ ನಿಯಮಾವಳಿಯಲ್ಲಿ ‘ಕಾಯಂ ನೌಕರರು ಮಾತ್ರ’ ಅಂತ ಬರೆಯದಂತೆ ನೋಡಿಕೊಳ್ಳಿ.

ಪ್ರಶ್ನೆ ಕೇಳಿದ ಟೇಲರ್‌ಗೆ: ಮನೆಯವರನ್ನೂ ಒಂದು ಸಲ ಕರೆದುಕೊಂಡು ಬನ್ನಿ, ಅವರ ಅನುಮಾನಗಳಿಗೆ ನಾನೇ ಉತ್ತರ ಕೊಡುತ್ತೇನೆ. ಪತ್ರದ ಕರಡು ಬರೆದು ನನಗೆ ನೇರವಾಗಿ ಕಳಿಸಿ. ಫ್ಯಾಕ್ಟರಿ ಹೆಸರು ಇಲ್ಲಿ ಹಾಕಬೇಡಿ.