ಪದಚರ್ಚೆ: ‘ನಟ್ಸ್’ ಎಂಬುದು ನಾಮಕರಣವೇ, ವರ್ಗೀಕರಣವೇ?

ಗೆಳೆಯರೇ,

ಯುರೋಪಿನ ಒಕ್ಕೂಟವು ತನ್ನ ಹಿಂದುಳಿದ ಪ್ರದೇಶಗಳಿಗೆ ಅನುದಾನ ಹಂಚುವ ಬಗೆಯನ್ನು ಕುರಿತ ಪಠ್ಯವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರನೇ ಪುಟದಲ್ಲೇ ಗಾಡಿ ಹೂತುಕೊಂಡಿದೆ. ನೂಕಲು ನಿಮ್ಮ ಕೈ ಬೇಕು.

ಅಲ್ಲಿ ಮತ್ತೆ ಮತ್ತೆ ಬರುವ ಪದ ‘ನಟ್ಸ್’. ಒಕ್ಕೂಟದ ಅಂಕಿಅಂಶ ಕಚೇರಿಯಾದ ಯೂರೋಸ್ಟಾಟ್ 1970ರ ದಶಕದಲ್ಲಿ ರೂಪಿಸಿದ, 2003ರಲ್ಲಿ ಕಾನೂನಿನ ಬಲ ಪಡೆದ ಏರ್ಪಾಡು ಇದು. ಪ್ರತಿ ಸದಸ್ಯ ದೇಶವನ್ನೂ ಒಂದರೊಳಗೊಂದು ಕೂರುವಂತೆ ಮೂರು ಬಾರಿ ಭಾಗ ಮಾಡಿ, ಪ್ರತಿ ಭಾಗಕ್ಕೂ ಒಂದು ಕೋಡ್ ಕೊಡುತ್ತಾರೆ. ದೊಡ್ಡ ಭಾಗಗಳಿಗೆ 30ರಿಂದ 70 ಲಕ್ಷ, ನಡುವಿನವಕ್ಕೆ 8ರಿಂದ 30 ಲಕ್ಷ, ಚಿಕ್ಕವಕ್ಕೆ ಒಂದೂವರೆಯಿಂದ 8 ಲಕ್ಷ ಜನಸಂಖ್ಯೆ ಎಂಬುದು ಅಳತೆಗೋಲು. ಹೆಸರು ಒಂದು ಫ್ರೆಂಚ್ ಪದಪುಂಜದ ಮೊದಲಕ್ಷರಗಳಿಂದ ಬಂದದ್ದು. ಅದರ ಮೊದಲ ಪದ ‘ನೊಮಾಂಕ್ಲಾತ್ಯೂರ್’. ನಾನು ಹಿಂದುಮುಂದು ನೋಡದೆ ‘ಅಂಕಿಅಂಶಕ್ಕಾಗಿ ಪ್ರಾದೇಶಿಕ ಘಟಕಗಳ ನಾಮಕರಣ’ ಎಂದು ಬರೆದೆ. ಕರಡು ಓದಿದ ಅಕ್ಕ, ‘ತೊಟ್ಟಿಲು ಎಲ್ಲಿಟ್ಟಿದ್ದಾರೆ?’ ಎಂದು ಕೇಳಿದರು.

ತೊಟ್ಟಿಲಿನ ಮಾತು ಹಾಗಿರಲಿ, ‘ನಾಮಕರಣ’ ಅರ್ಥದಲ್ಲೂ ತಪ್ಪು ಎಂದು ಈಗ ಅನ್ನಿಸುತ್ತಿದೆ. ಈ ಏರ್ಪಾಡು ಹುಟ್ಟಿದ್ದೇ ಹೆಸರನ್ನು ನೆಚ್ಚಿಕೊಂಡರೆ ಕೆಲಸ ಕೆಡುತ್ತದೆ ಎಂಬ ಕಾರಣಕ್ಕೆ. ನನ್ನ ಮುಂದಿರುವ ಪಟ್ಟಿಯಲ್ಲಿ ಜರ್ಮನಿಯ ಬವೇರಿಯಾದ ಕೆಳಗೆ ‘ಮ್ಯೂನಿಕ್’ ಎರಡು ಸಾಲಿನಲ್ಲಿದೆ. ಒಂದು ನಗರ, ಅದರ ಕೋಡ್ ಡಿಇ212. ಇನ್ನೊಂದು ನಗರವನ್ನು ಸುತ್ತಿಕೊಂಡ ಗ್ರಾಮಾಂತರ ಜಿಲ್ಲೆ, ಅದು ಡಿಇ21ಎಚ್. ನಮ್ಮ 2011ರ ಜನಗಣತಿಯಲ್ಲಿ ಬೆಂಗಳೂರು 572, ಬೆಂಗಳೂರು ಗ್ರಾಮಾಂತರ 583 ಇದ್ದಂತೆ. ಅದೇ ಗಣತಿಯಲ್ಲಿ 555 ಎಂದಿದ್ದ ಜಿಲ್ಲೆ ಆಗ ಬೆಳಗಾಂ, 2014ರ ರಾಜ್ಯೋತ್ಸವದಂದು ಬೆಳಗಾವಿಯಾಯಿತು. ಹೆಸರನ್ನೇ ಹಿಡಿದು ಹಳೆಯ ಹೊಸ ಪಟ್ಟಿಗಳನ್ನು ಜೋಡಿಸಲು ಹೊರಟ ಗಣಕಯಂತ್ರಕ್ಕೆ ಅವು ಎರಡು ಊರು. ಇನ್ನು 2003ರ ಆ ಕಾನೂನಿನ ಜರ್ಮನ್ ಮತ್ತು ಇಂಗ್ಲಿಷ್ ಶೀರ್ಷಿಕೆಗಳನ್ನು ನೋಡಿದರೆ, ಎರಡರಲ್ಲೂ ‘ಕ್ಲಾಸಿಫಿಕೇಶನ್’ ಎಂಬರ್ಥದ ಪದವೇ ಇದೆ, ಹೆಸರಿನ ಮಾತಿಲ್ಲ. ಹಾಗಾಗಿ ‘ವರ್ಗೀಕರಣ’ಕ್ಕೆ ನನ್ನ ಮತ. ‘ನಾಮಾವಳಿ’ಯನ್ನು ಯಾರಾದರೂ ಸೂಚಿಸುವ ಮುನ್ನವೇ ಹೇಳಿಬಿಡುತ್ತೇನೆ: ಅಷ್ಟೋತ್ತರದ ನೆನಪು ಬರುತ್ತದೆ, ಬೇಡ.

ಎರಡನೆಯ ತೊಡಕು ‘ಹಂತ’. ಅನುದಾನದ ಲೆಕ್ಕವೆಲ್ಲ ನಡೆಯುವುದು ನಡುವಿನ ಭಾಗಗಳ ಮೇಲೆ. ತಲಾ ಉತ್ಪನ್ನ ಒಕ್ಕೂಟದ ಸರಾಸರಿಯ ಶೇ. 75ಕ್ಕಿಂತ ಕಡಿಮೆ ಇರುವ ಪ್ರದೇಶವೇ ಹಿಂದುಳಿದದ್ದು. ಇದನ್ನು ‘ನಟ್ಸ್ ಎರಡನೇ ಹಂತ’ ಎಂದರೆ ಕನ್ನಡದ ಕಿವಿಗೆ ಕಾಲದ ಸರದಿ ಕೇಳಿಸುತ್ತದೆ: ಎರಡನೇ ಹಂತದ ಮತದಾನ, ಮೆಟ್ರೋ ಎರಡನೇ ಹಂತ. ಮೊದಲ ಹಂತ ಮುಗಿಯಿತೇ ಎಂದು ಓದುಗ ಕೇಳಿದರೆ ತಪ್ಪಲ್ಲ. ‘ಸ್ತರ’ ಚೊಕ್ಕವಾಗಿದೆ, ಆದರೆ ಪರೀಕ್ಷೆಯ ಉತ್ತರಪತ್ರಿಕೆಯ ವಾಸನೆ. ‘ಜಿಲ್ಲಾ ಮಟ್ಟ, ತಾಲ್ಲೂಕು ಮಟ್ಟ’ ನಾಲಗೆಯ ಮೇಲೇ ಇರುವುದರಿಂದ ‘ಎರಡನೇ ಮಟ್ಟ’ ಎಂದು ಬರೆದು ಮುಂದೆ ಸಾಗಿದ್ದೇನೆ.

‘ವಿಭಾಗ, ವಲಯ, ಪ್ರಾಂತ್ಯ’ ಮೂರನ್ನೂ ಬಿಟ್ಟೆ. ವಿಭಾಗವನ್ನು ಕಂದಾಯದವರು, ವಲಯವನ್ನು ರೈಲ್ವೆಯವರು ಆಗಲೇ ಕಾದಿರಿಸಿದ್ದಾರೆ. ಪ್ರಾಂತ್ಯ ಎಂದರೆ ಬ್ರಿಟಿಷರ ಕಾಲ ಕಣ್ಣಿಗೆ ಕಟ್ಟುತ್ತದೆ. ‘ಪ್ರದೇಶ’ ಸಾಕು.

ನಿಜವಾದ ಜಗ್ಗಾಟ ಇರುವುದು ‘ಕೋಡ್’ನಲ್ಲಿ. ‘ಸಂಕೇತ’ ಎಂದರೆ ಒಂದು ಇನ್ನೊಂದರ ಅರ್ಥವನ್ನು ಸೂಚಿಸುವುದು. ಪಾರಿವಾಳ ಶಾಂತಿಯ ಸಂಕೇತ. 212 ಏನನ್ನೂ ಸೂಚಿಸುವುದಿಲ್ಲ, ಬರೀ ಬೆರಳು ತೋರಿಸುತ್ತದೆ. ‘ಸಂಕೇತಾಂಕ’ದಲ್ಲಿ ಅಂಕವಿದೆ, ಆದರೆ ಇಲ್ಲಿ ಅಂಕಗಳೇ ಸಾಲವು. ಒಂಬತ್ತು ಮುಗಿದ ಮೇಲೆ ಅಕ್ಷರ ಶುರುವಾಗುತ್ತದೆ, ಡಿಇ21ಎಚ್‌ನ ಕೊನೆಯ ‘ಎಚ್’ ಬಂದದ್ದು ಹಾಗೆ. ಸೊನ್ನೆಗೂ ಕೆಲಸವಿದೆ: ಈ ಮಟ್ಟದಲ್ಲಿ ಭಾಗವಾಗಿಲ್ಲ ಎಂದರ್ಥ. ಪುಟ್ಟ ಲಕ್ಸೆಂಬರ್ಗ್ ಮೂರು ಮಟ್ಟಕ್ಕೂ ಒಂದೇ ತುಂಡು, ಆದ್ದರಿಂದ ಎಲ್‌ಯು0, ಎಲ್‌ಯು00, ಎಲ್‌ಯು000. ‘ಕ್ರಮಾಂಕ’ ಎಂದರೆ ಸರದಿ ಸಾಲು. ಕೊಂಚ ಹತ್ತಿರ, ಪೂರ್ತಿ ಅಲ್ಲ.

ಹಳಗನ್ನಡದಲ್ಲಿ ಏನಾದರೂ ಸಿಕ್ಕೀತೇ ಎಂದು ಶಾಸನಗಳತ್ತ ಕಣ್ಣು ಹಾಯಿಸಿದೆ. ಬನವಾಸಿ 12000, ಗಂಗವಾಡಿ 96000, ನೊಳಂಬವಾಡಿ 32000! ನಾಡಿನ ಹೆಸರಿಗೆ ಸಂಖ್ಯೆ ಅಂಟಿಸುವುದು ನಮಗೆ ಹೊಸತಲ್ಲ ಎಂದು ಹಿಗ್ಗಿದೆ. ಆದರೆ ಬೆಳ್ವೊಲವೂ 300, ಪುಲಿಗೆರೆಯೂ 300. ಆ ಸಂಖ್ಯೆ ಹಳ್ಳಿಗಳದೋ ಆದಾಯದ್ದೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಏನೇ ಆದರೂ ಅದು ಪರಿಮಾಣ. ಎರಡು ನಾಡುಗಳಿಗೆ ಒಂದೇ ಸಂಖ್ಯೆ ಇದ್ದರೆ ಅದು ಕೋಡ್ ಆಗದು. ಹಿಗ್ಗು ಅಲ್ಲಿಗೇ ಇಳಿಯಿತು.

ನಮ್ಮ ಜನ ಇದನ್ನೆಲ್ಲ ಹೇಗೆ ಕರೆಯುತ್ತಾರೆ? ಉಡುಪಿಯ ಗಾಡಿಯನ್ನು ‘ಕೆಎ ಇಪ್ಪತ್ತು’ ಎನ್ನುತ್ತಾರೆ, ಅಷ್ಟೇ. ನಿನ್ನೆ ತಂದ ದಿನಸಿ ಬಿಲ್ಲಿನಲ್ಲಿ ಅಂಗಡಿಯ ಜಿಎಸ್‌ಟಿ ಸಂಖ್ಯೆ 29ರಿಂದ ಶುರುವಾಗಿದೆ. ಆ 29 ಜನಗಣತಿಯವರು ಕರ್ನಾಟಕಕ್ಕೆ ಕೊಟ್ಟದ್ದು. ಜಮ್ಮು ಕಾಶ್ಮೀರದ 01ರಿಂದ ಅಂಡಮಾನಿನ 35ರವರೆಗೆ ಸಾಗುವ ಸಾಲಿನಲ್ಲಿ ನಮ್ಮ ಜಾಗ. ಅಂಗಡಿಯವರಿಗೆ ಅದು ‘ಸ್ಟೇಟ್ ಕೋಡ್’. ಪಿನ್ ಕೋಡನ್ನು ಕನ್ನಡ ಮಾಡಲು ಯಾರೂ ಹೋಗಲಿಲ್ಲ, ಇದನ್ನೂ ‘ಕೋಡ್’ ಎಂದೇ ಉಳಿಸಿಕೊಳ್ಳೋಣ ಎಂಬುದು ನನ್ನ ಒಲವು.

ಒಂದು ಪದ ಮಾತ್ರ ನಮ್ಮ ಕಂದಾಯ ಕಚೇರಿಯಿಂದಲೇ ದೊರೆತಂತಿದೆ, ಆದರೆ ಧೈರ್ಯ ಸಾಲದು. ಹಂಗೇರಿಯಲ್ಲಿ ಬುಡಾಪೆಸ್ಟ್ ನಗರವೂ ಸುತ್ತಲಿನ ಪೆಸ್ಟ್ ಜಿಲ್ಲೆಯೂ ಸೇರಿ ಒಂದೇ ಎರಡನೇ ಮಟ್ಟದ ಪ್ರದೇಶವಾಗಿದ್ದವು. ಕೋಡ್ ಎಚ್‌ಯು10. ರಾಜಧಾನಿಯ ಸಿರಿಯೊಡನೆ ಸರಾಸರಿ ತೆಗೆದರೆ ಪೆಸ್ಟ್ ಕೂಡ ಸಿರಿವಂತನೇ. 2018ರ ಜನವರಿಯಿಂದ ಎರಡನ್ನೂ ಬೇರೆ ಮಾಡಿ ಎಚ್‌ಯು11, ಎಚ್‌ಯು12 ಎಂದರು. ಈ ಒಡೆತವನ್ನು ‘ಪೋಡಿ’ ಎನ್ನಬಹುದೇ? ಸರ್ವೆ ನಂಬರ್ 45 ಪೋಡಿಯಾದರೆ 45/1, 45/2 ಆಗುತ್ತದೆ, ಮೂಲ ನಂಬರ್ ಬೇರಿನಂತೆ ಉಳಿಯುತ್ತದೆ. ಹಂಗೇರಿಯಲ್ಲಾದರೋ ಹಳೆಯ 10 ಪಟ್ಟಿಯಿಂದಲೇ ಹೋಯಿತು. ಈ ವ್ಯತ್ಯಾಸವನ್ನು ಅಡಿಟಿಪ್ಪಣಿಯಲ್ಲಿ ಹೇಳಿ ಪದವನ್ನು ಉಳಿಸಿಕೊಳ್ಳಲೇ, ಅಥವಾ ‘ವಿಭಜನೆ’ ಎಂದು ಸಪ್ಪೆಯಾಗಿ ಬರೆದು ಕೈತೊಳೆದುಕೊಳ್ಳಲೇ?

ಇನ್ನೊಂದು ಪ್ರಶ್ನೆ ಗಣತಿ ಕೆಲಸಕ್ಕೆ ಹೋಗಿದ್ದ ಮೇಷ್ಟ್ರುಗಳಿಗೆ. ನಮೂನೆಯ ತಲೆಯ ಮೇಲೆ ಜಿಲ್ಲೆ, ತಾಲ್ಲೂಕು, ಗ್ರಾಮದ ಅಂಕಿಗಳನ್ನು ತುಂಬುವಾಗ ನೀವು ನೀವೇ ಮಾತಾಡಿಕೊಳ್ಳುತ್ತಾ ಅವನ್ನು ಏನೆನ್ನುತ್ತಿದ್ದಿರಿ? ನಂಬರ್, ಕೋಡ್, ಸಂಕೇತ, ಅಥವಾ ನಾನು ಕೇಳಿರದ ಬೇರೆ ಪದವೇ?