8 ಅಡಿ ಹರಗೋಲು ಕಂಟೇನರ್ ಬಾಗಿಲಲ್ಲಿ ಹಿಡಿಸ್ತಿಲ್ಲ, ಕೊಯ್ಯದೆ ಕಳಿಸೋದು ಹೇಗೆ?

ಗಂಗಾವತಿ_ಗದ್ದೆ
ನಮಸ್ಕಾರ್ರಿ. ಅಕ್ಕನ ಮಗ ರಾಟರ್‌ಡ್ಯಾಮ್‌ನಲ್ಲಿದ್ದಾನೆ. ಹೋದ ಸಲ ಊರಿಗೆ ಬಂದಾಗ ಆನೆಗೊಂದಿ ಹೊಳೆಯಲ್ಲಿ ಹರಗೋಲು ಹತ್ತಿದ್ದೇ ಬಂತು, ಅಲ್ಲಿಯ ಕೆರೆಗೂ ಒಂದು ಬೇಕಂತೆ. ಹೆಣೆಸಿ ಆಯ್ತು: ಬಾಯಿ 8 ಅಡಿ, ಆಳ ಎರಡೂವರೆ. ಈಗ ಬುಕಿಂಗ್ ಏಜೆಂಟ್ ರಾಗ ತೆಗೆದಿದ್ದಾನೆ. 20 ಅಡಿ ಕಂಟೇನರ್ ಬಾಗಿಲಿನ ಅಗಲ 2.34 ಮೀಟರ್, ನಮ್ಮದು 2.44, ಎರಡು ಹೋಳು ಮಾಡಿ ಕೊಡಿ ಅಂತಾನೆ. ಹರಗೋಲು ಕೊಯ್ದರೆ ಎರಡು ಮೊರ ಆಗುತ್ತೆ ಅಷ್ಟೆ. ಬೇರೆ ದಾರಿ ಇದೆಯಾ? ಇನ್ನೊಂದು: ಮೊನ್ನೆ ಅದರೊಳಗೆ ಹಳದಿ ಹಿಟ್ಟಿನಂಥ ಪುಡಿ ಬಿದ್ದಿತ್ತು. ಏನದು?

ಕುಷ್ಟಗಿ_ಕಲ್ಲು
ಕೊಯ್ಯಬ್ಯಾಡ್ರಿ ಯಪ್ಪಾ! ನಾ ಗ್ರಾನೈಟ್ ಸ್ಲ್ಯಾಬ್ ಕಂಟೇನರ್‌ಗೆ ತುಂಬಿಸೋ ಕೆಲಸದಾಂವ. ನಿಮ್ಮ ಏಜೆಂಟ್ ಹರಗೋಲು ನೆಲಕ್ಕ ಕುಂತಂಗ ಲೆಕ್ಕ ಹಾಕ್ಯಾನ. ಬಾಗಿಲದ ಎತ್ತರ 2.28 ಮೀಟರ್ ಐತಿ. 45 ಡಿಗ್ರಿ ವಾಲಿಸಿದ್ರ ನಿಮ್ಮ ಅಳತಿಗೆ ಅಗಲ, ಎತ್ತರ ಎರಡೂ 2.26ರ ಆಸುಪಾಸು ಬರತಾವು. ತಳ ಗುಂಡಗ ಇರೋದ್ರಿಂದ ಇನ್ನೊಂದಿಷ್ಟು ಉಳಿತೈತಿ. ನಂಬಿಕಿ ಬರಲಿಲ್ಲಂದ್ರ ನಾಕು ಗಳ ಕಟ್ಟಿ ಅದೇ ಅಳತಿ ಬಾಗಿಲು ಮಾಡಿ, ಅಂಗಳದಾಗ ತೂರಿಸಿ ನೋಡ್ರಿ.

ಆದ್ರ ಲೋಡ್ ಮಾಡೋ ಹುಡುಗರು ಇಷ್ಟು ನಾಜೂಕು ಮಾಡೂದಿಲ್ಲ. 40 ಅಡಿ ಹೈಕ್ಯೂಬ್‌ನಾಗ ಜಾಗ ಕೇಳ್ರಿ, ಅದರ ಬಾಗಿಲು 2.58 ಮೀಟರ್ ಎತ್ತರ. ಬಂಡಿ ಗಾಲಿ ಉರುಳಿಸಿದಂಗ ನಿಲ್ಲಿಸಿ ಉರುಳಿಸಿಕೊಂಡ ಒಳಗ ಹೋಗಬಹುದು. ಇಡೀ ಕಂಟೇನರ್ ಹಿಡಿಯೋದು ಬ್ಯಾಡ, ಬ್ಯಾರೇದವರ ಸಾಮಾನಿನ ಜೋಡಿ ಹಾಕೋ ಎಲ್‌ಸಿಎಲ್ ಸಾಕು. ಇಂಥ ಹಗುರ ಸಾಮಾನಿಗೆ ಬಾಡಿಗಿ ತೂಕದ ಮ್ಯಾಲ ಅಲ್ಲ, ಘನ ಮೀಟರ್ ಮ್ಯಾಲ. ನಿಮ್ಮದು ನಾಲ್ಕೂವರೆ ಆಗತೈತಿ. ಹುಟ್ಟು ಗಿಟ್ಟು ಏನಿದ್ರೂ ಒಳಗ ತುರುಕ್ರಿ, ಪುಕ್ಕಟೆ ಜಾಗ.

ಹೊಳಿದಂಡಿ
ಆ ಪುಡಿ ಬಿದಿರು ಕೊರೆಯೋ ಹುಳದ್ದು ತಮ್ಮಾ. ಕರಿ ಕಂಬಳಿ ಹಾಸಿ ಮ್ಯಾಲ ಹರಗೋಲು ಇಡು, ಬೆರಳ ಗೆಣ್ಣಿಲೆ ಒಂದೊಂದೇ ದಬ್ಬಿ ಬಡಿ. ಪುಡಿ ಉದುರಿದಲ್ಲಿ ಸೂಜಿ ಚುಚ್ಚಿದಂಥ ತೂತು ಕಾಣ್ತಾವು, ಆ ದಬ್ಬಿ ಕಿತ್ತು ಹೊಸಾದು ಹೆಣಿಸು. ಹೆಣೆದಾಂವ ಬಿದಿರು ಹೊಳ್ಯಾಗ ನೆನೆಹಾಕಿಲ್ಲ, ಅವಸರ ಮಾಡ್ಯಾನ.

ಡಾಂಬರ ಬಳದು ಕಳಿಸಬ್ಯಾಡ. ಬಿಸಿಲಿಗೆ ಕಾದ ಕಬ್ಬಿಣದ ಪೆಟ್ಟಿಗ್ಯಾಗ ಮೆತ್ತಗಾಗಿ ಮಗ್ಗಲದವರ ಗಂಟಿಗೆ ಅಂಟತೈತಿ. ಬರೇ ಬುಟ್ಟಿ ಹೋಗಲಿ, ಹೊರಗ ಹೊದಿಸೋ ಪ್ಲಾಸ್ಟಿಕ್ ಹಾಳಿ ಮಡಚಿ ಒಳಗಿಡು, ಡಾಂಬರ ಅಲ್ಲೇ ತಗೊಳ್ಳಲಿ. ನಿಲ್ಲಿಸಿದಾಗ ಅಂಚು ನೆಗ್ಗದಂಗ ಭತ್ತದ ಹುಲ್ಲು ಸುತ್ತು, ಗಂಗಾವತ್ಯಾಗ ಹುಲ್ಲಿಗೇನು ಬರ?

ಕುಷ್ಟಗಿ_ಕಲ್ಲು
ಕಾಕಾ, ಉಳಿದದ್ದೆಲ್ಲ ಖರೆ, ಹುಲ್ಲೊಂದು ಬ್ಯಾಡ. ಅದನ್ನ ಕಂಡ್ರ ಆ ಕಡಿ ಸಸ್ಯ ತಪಾಸಣೆಯವರು ಹಿಡಿದು ಕುಂದರಿಸ್ತಾರ. ಹಳೆ ರಗ್ಗು ಸುತ್ತಿದ್ರಾತು. ಮರದ ಚೌಕಟ್ಟು ಕಟ್ಟಿಸಿದ್ರ ಹಲಿಗಿ ಮ್ಯಾಲ ತೆನಿ ಗುರುತಿನ ಮುದ್ರಿ, ಎಚ್‌ಟಿ ಅಕ್ಷರ ಇರಬೇಕು. ಕಟ್ಟಿಗಿ ಒಳತಿರುಳತನಕ 56 ಡಿಗ್ರಿಯಾಗ 30 ನಿಮಿಷ ಕಾದೈತಿ ಅನ್ನೋ ಗುರುತದು. ಮುದ್ರಿ ಇಲ್ಲದ ಎರಡು ಹಲಿಗಿ ಹಾಕಿ ನಮ್ಮದೊಂದು ಲೋಡ್ 11 ದಿನ ಬಂದರಿನಾಗ ಕೊಳೀತು. ಆ ಮುದ್ರಿ ಪ್ಯಾಕಿಂಗ್ ಕಟ್ಟಿಗಿಗೆ ಮಾತ್ರ. ಬಿದಿರಿಗೆ ಯಾವ ಕಾಗದ ಬೇಕು ಅಂತ ಅಳಿಯಾನ ಕಡಿಂದ ಅಲ್ಲೇ ಕೇಳಿಸ್ರಿ, ಇಲ್ಲಿ ಫ್ಯೂಮಿಗೇಷನ್ (ಹುಳ ಸಾಯೂಹಂಗ ವಿಷದ ಗಾಳಿ ಹಾಯಿಸೂದು) ಮಾಡಿಸಿಬಿಡ್ರಿ.

ಬಿದಿರು ಚಂದಂಗ ಒಣಗಲಿ. ಹಗಲು ಕಾದು ರಾತ್ರಿ ತಣ್ಣಗಾದಾಗ ಕಂಟೇನರ್ ಮಾಳಗಿಯಿಂದ ನೀರು ತೊಟ್ಟಿಕ್ಕತೈತಿ. ಪ್ಲಾಸ್ಟಿಕ್‌ನಾಗ ಬಿಗಿದು ಸುತ್ತಿದ್ರ ಬೂಸ್ಟು ಗ್ಯಾರಂಟಿ. ಕಸ್ಟಮ್ಸ್ ಕಾಗದದಾಗ ಬರಿಯೋ ಸರಕಿನ ವರ್ಗದ ನಂಬರ್, ಹುಟ್ಟು ಹಾಕೋ ದೋಣಿಗೆ 8903.

ಕಮಲಾಪುರದ_ಮೇಷ್ಟ್ರು
ಸಣ್ಣದೊಂದು ಅಡ್ಡಮಾತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಡೊಮಿಂಗೊ ಪಾಯಸ್ ಇದೇ ಆನೆಗೊಂದಿಯ ದೋಣಿಗಳನ್ನು ಬುಟ್ಟಿಯಂತೆ ದುಂಡಗಿವೆ, ಹೊರಗೆ ಚರ್ಮ ಹೊದಿಸಿದೆ ಎಂದು ಬರೆದಿದ್ದಾನೆ. ಚರ್ಮ ಹೋಗಿ ಪ್ಲಾಸ್ಟಿಕ್ ಬಂದದ್ದು ನಿಮ್ಮ ಪುಣ್ಯ; ಇಲ್ಲದಿದ್ದರೆ ಪಶುವೈದ್ಯರ ಕಾಗದಕ್ಕೂ ಅಲೆಯಬೇಕಿತ್ತೇನೋ.

ಗಂಗಾವತಿ_ಗದ್ದೆ
ಗಳದ ಬಾಗಿಲಲ್ಲಿ ತೂರಿಸಿ ನೋಡಿದೆವು. ಓರೆ ಮಾಡಿದರೆ ಹೋಗುತ್ತೆ, ಆದರೆ ಬೆರಳು ಹೋಗುವಷ್ಟೇ ಸಂದು. ಅಂಚಿಗೆ ಸುತ್ತಿದ ಹಗ್ಗ ಒಂದು ಕಡೆ ತರಚಿತು. ಕಂಬಳಿ ಮೇಲೆ ಬಡಿದಾಗ ನಾಲ್ಕು ದಬ್ಬೆ ಸಿಕ್ಕವು, ಬದಲಾಯಿಸಿದ್ದಾಯ್ತು. ಏಜೆಂಟ್ ಹೈಕ್ಯೂಬ್‌ಗೆ ಒಪ್ಪಿದ. ಬಿಲ್ಲಿನಲ್ಲಿ ಮಾತ್ರ ‘ದೊಡ್ಡ ಬುಟ್ಟಿ – 1’ ಅಂತ ಬರೆದಿದ್ದ. ಪಾಯಸ್‌ನ ಮಾತು ಇವನಿಗೆ ಯಾರು ಹೇಳಿದರೋ! ‘ಹುಟ್ಟು ಹಾಕುವ ದೋಣಿ’ ಅಂತ ತಿದ್ದಿಸಿ ಬಂದೆ.